ವಾಡೆಯ ಶುಕ್ರವಾರಗಳು

ಪುಟ್ಟಿ, ಗುಂಡ್ಯಾ, ಹೋದ ತಿಂಗಳು ನೀವಿಬ್ಬರೂ ಧಾರವಾಡದ ಚರ್ಚಿನಿಂದ ಒಂದು ಚೀಟಿ ತಂದಿರಿ. ಮುಂದೆ ಒಬ್ಬ ಮುದುಕಿಯ ಚಿತ್ರ, ಹಿಂದೆ ಒಂದು ಪ್ರಾರ್ಥನೆ. ಬಿಳಿ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ಆಕೆ ಆಕಾಶ ನೋಡುತ್ತಿದ್ದಾಳೆ. "ಅಜ್ಜಿ, ಈಕಿ ನಮ್ಮ ಮುತ್ತಜ್ಜಿ ಅಂತ, ಖರೇನ?" ಎಂದು ಪುಟ್ಟಿ ಕೇಳಿದಳು. "ಸಂತರು ಅಂದ್ರ ನಮಗೇನರ ಕೊಡ್ತಾರೇನು?" ಎಂದು ಗುಂಡ್ಯಾ ಕೇಳಿದ. ನಾನು "ಹೌದು" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದೆ.

ನಾಲ್ಕು ಜನರ ಎದುರು ನನಗೆ ಮಾತು ಬರುವುದಿಲ್ಲ. ಇಬ್ಬರು ಮಕ್ಕಳ ಎದುರೂ ಬರುವುದಿಲ್ಲ ಎಂದು ಅಂದು ತಿಳಿಯಿತು. ಬರೆಯಲು ಬರುತ್ತದೆ. ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದೇನೆ. ಅಕ್ಷರ ದುಂಡಗಿರಬೇಕು, ಮಾತು ನೆಟ್ಟಗಿರಬೇಕು ಎಂದು ನಮ್ಮ ಮಾಸ್ತರರು ಬಡಿದು ಕಲಿಸಿದ್ದರು. ಆ ಮುದುಕಿಯ ಮನೆಯಲ್ಲಿ ನಾನು ಸೊಸೆಯಾಗಿ ಬಾಳಿದ್ದನ್ನು ನೆಟ್ಟಗೆ ಬರೆಯುತ್ತೇನೆ.

ನಮ್ಮೂರು ಮುಗದದ ಆಚೆಗಿದೆ. ಊರಿನಲ್ಲಿ ಗೋಡೆಗೆ ಶಿಲುಬೆ ಇದ್ದ ಮನೆಗಳು ಕೆಲವೇ. ನಮ್ಮ ಹಿರಿಯರು ಯಾವಾಗ ಆ ದಾರಿ ಹಿಡಿದರೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶ್ರಾವಣದಲ್ಲಿ ಪಕ್ಕದ ಮನೆಯ ಪ್ರವಚನಕ್ಕೆ ನಾವು ಹೋಗಿ ಕೂರುತ್ತಿದ್ದೆವು, ನಮ್ಮ ಕ್ರಿಸ್‌ಮಸ್ಸಿಗೆ ಅವರು ಬಂದು ಕರಿಗಡಬು ತಿನ್ನುತ್ತಿದ್ದರು. ನಮಗೆ ಹೊಲ ಸ್ವಲ್ಪ, ಹೆಣ್ಣುಮಕ್ಕಳು ಜಾಸ್ತಿ. ನನ್ನ ಅತ್ತೆಯ ಮನೆತನ ಹಾಗಲ್ಲ. ಅದು ಹಿಂದೆ ಹಳ್ಳಿಗಳ ಒಡೆತನವಿದ್ದ ಹಳೆಯ ದೇಸಗತಿ ಮನೆತನ. ಮೂರು ತಲೆಮಾರಿನ ಹಿಂದೆ ಕ್ರಿಸ್ತನ ಕಡೆ ಬಂದರೂ ಅವರು ಗೋಡೆಯ ಮೇಲಿನ ಕತ್ತಿಯನ್ನು ಇಳಿಸಿರಲಿಲ್ಲ. ಶಿಲುಬೆಯನ್ನು ಅದರ ಪಕ್ಕಕ್ಕೆ ತೂಗುಹಾಕಿದ್ದರು. ಧಾರವಾಡದ ಹೊರಗೆ, ಮುಗದದ ರಸ್ತೆಯಲ್ಲಿ, ಕಲ್ಲಿನ ದೊಡ್ಡ ವಾಡೆ. ಅದರ ಮುಂದೆ ಹಾಯುವಾಗ ಹಿಂದೆ ಜನ ಬಂಡಿಯಿಂದ ಇಳಿದು ನಡೆಯಬೇಕಿತ್ತಂತೆ. ನಾನು ಹೋಗುವ ಹೊತ್ತಿಗೆ ಬಂಡಿಗಳೇ ಕಡಿಮೆಯಾಗಿದ್ದವು. ಆದರೂ ಸೈಕಲ್ಲಿನವರು ಇಳಿಯುತ್ತಿದ್ದುದನ್ನು ನಾನೇ ನೋಡಿದ್ದೇನೆ.

ನನ್ನನ್ನು ನೋಡಲು ಅತ್ತೆಯೇ ಬಂದಿದ್ದರು. ಗಂಡ ತೀರಿಕೊಂಡಾಗಿನಿಂದ ಬಿಳಿ ಸೀರೆ, ಕೊರಳಲ್ಲಿ ಜಪಸರ, ಎತ್ತರದ ಆಳು. ನಮ್ಮ ಮನೆಯ ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಅಪ್ಪನನ್ನು ಕೇಳಿದರು:

"ಹುಡುಗಿ ಮಾತಾಡಂಗಿಲ್ಲಂತ?"

ಅಪ್ಪ ಹೆದರಿದ. "ಮೂಕಿ ಅಲ್ರಿ ಅವ್ವಾರ. ನಾಚಿಕಿ ಭಾಳ ಅಷ್ಟ."

"ಮೂಕಿ ಆಗಿದ್ರೂ ನಡೀತಿತ್ತು. ನಮ್ಮ ಮನ್ಯಾಗ ದೇವರು ಮಾತಾಡ್ತಾನ. ಉಳಿದವರು ಸುಮ್ಮನಿದ್ರ ಸಾಕು."

ನನ್ನ ಸೋದರತ್ತೆ ಹಿಂದಿನಿಂದ ನನ್ನ ಕಿವಿಯಲ್ಲಿ, "ಹಂಗಾದ್ರ ಚಹಾ ದೇವರ ಮಾಡ್ತಾನೋ ನೀ ಮಾಡಬೇಕೋ, ಕೇಳವಾ" ಎಂದಳು. ನನಗೆ ನಗು ಬಂತು. ಅತ್ತೆ ನನ್ನ ಕಡೆ ನೋಡಿದರು. ಆ ನಗು ಅಲ್ಲಿಗೇ ನಿಂತಿತು.

ಮದುವೆಯಾಗಿ ಹೋದ ಮೇಲೆ ತಿಳಿಯಿತು, ದೇವರು ಮಾತಾಡುವುದು ಶುಕ್ರವಾರ. ಗುರುವಾರ ಸಂಜೆಯಿಂದ ವಾಡೆಯಲ್ಲಿ ಒಲೆ ಹೊತ್ತಿಸುವಂತಿಲ್ಲ, ಪಾತ್ರೆ ಸಪ್ಪಳ ಮಾಡುವಂತಿಲ್ಲ. ಶುಕ್ರವಾರ ಮಧ್ಯಾಹ್ನ, ಕ್ರಿಸ್ತ ಶಿಲುಬೆಯ ಮೇಲಿದ್ದ ಹೊತ್ತೆಂದು, ಅತ್ತೆ ದೇವರ ಕೋಣೆಯಲ್ಲಿ ಬರಿಯ ಕಲ್ಲಿನ ಮೇಲೆ ಕೈ ಚಾಚಿ ಬೋರಲು ಮಲಗುತ್ತಿದ್ದರು. ಮೂರು ಗಂಟೆಗೆ ಎದ್ದಾಗ ಮುಖ ಬೂದಿಯಂತಾಗಿರುತ್ತಿತ್ತು. ಹೊರಗೆ ಬೇವಿನ ಮರದ ಕೆಳಗೆ ಜನ ಕಾದಿರುತ್ತಿದ್ದರು. ಕ್ರೈಸ್ತರಷ್ಟೇ ಅಲ್ಲ, ಹತ್ತಿ ವ್ಯಾಪಾರದವರು, ರೈತರು, ಬುರ್ಖಾ ಹಾಕಿದ ಹೆಂಗಸರು, ಎಲ್ಲರೂ. ಒಬ್ಬೊಬ್ಬರಿಗೆ ಅತ್ತೆ ಒಂದೊಂದು ಮಾತು ಹೇಳುತ್ತಿದ್ದರು. ಮಗು ಕಳೆದುಕೊಂಡ ಒಬ್ಬಾಕೆಗೆ, "ಅಂವ ಅಲ್ಲಿ ನಗಾಕತ್ತಾನ. ನೀ ಅಳಬ್ಯಾಡ, ಅವನ ಅಂಗಿ ತೊಯ್ತೈತಿ" ಎಂದಿದ್ದರು. ಆಕೆ ಎದೆ ಬಿರಿಯುವಂತೆ ಅತ್ತು ಹಗುರಾಗಿ ಹೋದಳು. ಬಾಗಿಲ ಸಂದಿಯಿಂದ ಕೇಳುತ್ತಿದ್ದ ನಾನೂ ಕಣ್ಣೊರೆಸಿಕೊಂಡೆ.

ಹೊರಗೆ ಹಾಗೆ ಮಾತಾಡುವ ಅತ್ತೆ ಮನೆಯೊಳಗೆ ಬೇರೆಯೇ ಆಗಿರುತ್ತಿದ್ದರು. ಹೇಗೆ ಎಂದು ಹೇಳುತ್ತೇನೆ. ಕ್ರಿಸ್ತ ತನ್ನ ಶಿಷ್ಯರ ಕಾಲು ತೊಳೆದ ನೆನಪಿನ ಪವಿತ್ರ ಗುರುವಾರ ಅವರು ಭಿಕ್ಷುಕರ ಕಾಲು ತೊಳೆಯುತ್ತಿದ್ದರು. ನೀರು ಸೇದಿ, ಕಾಸಿ, ಹಂಡೆ ಹೊತ್ತು ತರುವುದು ನಾನು. ಬಸುರಿಯಿದ್ದಾಗಲೂ ನಾನೇ. ಅವರು ಬಾಗಿ ಒಬ್ಬ ಮುದುಕನ ಪಾದಕ್ಕೆ ತುಟಿ ಹಚ್ಚಿದಾಗ ಜನ "ಅವ್ವಾರ, ಅವ್ವಾರ" ಎಂದು ಕಣ್ಣೀರು ಹಾಕಿದರು. ನನ್ನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಅದು ಅವರ ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ನಾನು ಭಿಕ್ಷುಕಿಯಲ್ಲ. ಅವರಿಗೆ ಬಡತನದ ವ್ರತವಿತ್ತು. ಯಾರು ಏನು ಕೇಳಿದರೂ ಕೊಡಬೇಕು. ಒಗೆದು ಒಣಹಾಕಿದ್ದ ನನ್ನ ಧಾರೆ ಸೀರೆಯನ್ನು ಹಗ್ಗದಿಂದ ಎಳೆದು ಬಾಗಿಲಿಗೆ ಬಂದ ಹೆಂಗಸಿಗೆ ಕೊಟ್ಟರು. "ನನ್ನ ಬಡತನದಾಗ ನಿನಗೂ ಪಾಲು ಕೊಟ್ಟೀನಿ" ಎಂದು ನನಗೆ ಹೇಳಿದರು. ಕುಷ್ಠದವರ ಹುಣ್ಣು ತೊಳೆದ ಆ ಕೈಗಳು, ಜೋಳದ ಚೀಲ ಹೊತ್ತು ಮಗಳನ್ನು ನೋಡಲು ಬಂದ ನನ್ನ ಅಪ್ಪನಿಗೆ ಕುರ್ಚಿ ಕೊಡಲಿಲ್ಲ. ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಬಟ್ಟಲನ್ನು ತಾನೇ ತೊಳೆದಿಟ್ಟು ಹೋದ. ಕುಷ್ಠದವರು ದೇವರ ಮಕ್ಕಳು. ಅಪ್ಪ ಬರಿಯ ಬಡ ಬೀಗ.

ನಿಮ್ಮ ಅಜ್ಜನಿಗೆ ಇದೆಲ್ಲ ಕಾಣುತ್ತಿತ್ತು. "ನನಗೂ ಕಣ್ಣದಾವು. ಆದ್ರ ಆಕಿ ಅವ್ವ" ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಒಳ್ಳೆಯವರು ಎಷ್ಟು ಹೊತ್ತು ಸುಮ್ಮನೆ ನಿಲ್ಲಬಲ್ಲರು ಎಂಬುದನ್ನು ಅವರಿಂದ ಕಲಿತೆ.

ಚೀಟಿಯ ಮುದುಕಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಸುಳ್ಳಾಗಿದ್ದರೆ ಸುಲಭವಾಗುತ್ತಿತ್ತು. ಒಂದು ಶುಕ್ರವಾರ ಅವರು ಕಲ್ಲಿನ ಮೇಲೆ ಮಲಗಿದ್ದಾಗ ಗೋಡೆಯ ಬಿರುಕಿನಿಂದ ಚೇಳು ಇಳಿದು ಬಂತು. ನಾನು ಬಾಗಿಲಲ್ಲಿದ್ದೆ. ಅದು ಅವರ ಚಾಚಿದ ಅಂಗೈ ಹತ್ತಿ, ಮಣಿಕಟ್ಟಿನಲ್ಲಿ ಕುಟುಕಿ, ಸರಿದು ಹೋಯಿತು. ಒಂದು ಬೆರಳೂ ಅಲುಗಲಿಲ್ಲ. ಮೂರು ಗಂಟೆಗೆ ಎದ್ದು, ಊದಿದ ಕೈ ನೋಡಿ, "ಇದೇನಿದು?" ಎಂದು ನನ್ನನ್ನೇ ಕೇಳಿದರು. ಅವರು ಖಂಡಿತ ಎಲ್ಲಿಗೋ ಹೋಗುತ್ತಿದ್ದರು. ನೋವು ಮುಟ್ಟದ ಜಾಗಕ್ಕೆ ಹೋಗಿ ಬಂದವರಿಗೆ ಬೇರೆಯವರ ನೋವು ಏನು ಎಂಬುದು ಮರೆತುಹೋಗುತ್ತದೇನೋ.

ಆ ಮನೆಯಲ್ಲಿ ನನಗೆ ಒಬ್ಬಳೇ ಮಗಳು ಹುಟ್ಟಿದಳು. ನಿಮ್ಮ ಅಮ್ಮ. ಮತ್ತೆ ಮಕ್ಕಳಾಗಲಿಲ್ಲ. ಅಜ್ಜಿಯೆಂದರೆ ಅವಳಿಗೆ ಪ್ರಾಣ. ನಾನು ಕರೆದರೆ ಬರುತ್ತಿರಲಿಲ್ಲ, ಅಜ್ಜಿ ಕೆಮ್ಮಿದರೆ ಓಡುತ್ತಿದ್ದಳು. ಅತ್ತೆಗೂ ಅವಳ ಮೇಲೆ ಜೀವ. ಜಪಸರದ ಮಣಿಗಳ ಮೇಲೆ ಎಣಿಕೆ ಕಲಿಸಿದ್ದು ಅವರೇ. ಮಗು ತೊಡೆಯೇರಿ ಕಿವಿ ಹಿಡಿದೆಳೆದರೆ ವಾಡೆಯಲ್ಲೆಲ್ಲ ಕೇಳುವಂತೆ ನಗುತ್ತಿದ್ದರು. ಅವರು ಹಾಗೆ ನಗುತ್ತಿದ್ದುದು ಅವಳೊಬ್ಬಳ ಜೊತೆಗೆ.

ಅವಳು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ವಿಷಮಜ್ವರ ಬಂತು. ವಾರಗಟ್ಟಲೆ ಇಳಿಯಲಿಲ್ಲ. ಡಾಕ್ಟರು ಬಂದು ಔಷಧ ಕೊಡುತ್ತಿದ್ದರು, ಅದಕ್ಕೆ ಅತ್ತೆ ಅಡ್ಡ ಬರಲಿಲ್ಲ. ಆದರೆ ಆರೈಕೆ ತಾನೇ ಮಾಡುತ್ತೇನೆ ಎಂದು ಮಗುವನ್ನು ದೇವರ ಕೋಣೆಯಲ್ಲಿ ಮಲಗಿಸಿಕೊಂಡರು. ನಾನು ಗಂಜಿ ತಂದು ಹೊಸ್ತಿಲಲ್ಲಿಟ್ಟು ಬರಬೇಕು. ಜ್ವರದಲ್ಲಿ ತಲೆಗೆ ನೀರು ಹಾಕಬಾರದು, ಬಾಚುವವರಿಲ್ಲ. ಸೊಂಟ ಮುಟ್ಟುವ ಕೂದಲು ಬೆವರಿನಲ್ಲಿ ತೊಯ್ದು ಒಣಗಿ, ದಿಂಬಿಗೆ ತಿಕ್ಕಿ, ಕತ್ತಿನ ಹಿಂದೆ, ಹೆಡಕಿನ ಮೇಲೆ, ಹಗ್ಗದಂತೆ ಗಂಟಾಯಿತು.

ಜ್ವರ ಬಿಟ್ಟ ದಿನ ಎಣ್ಣೆ, ಬಾಚಣಿಗೆ ಹಿಡಿದು ಹೋದೆ. ಅಂಗಳ ಗುಡಿಸುವ ಮುದುಕಿ ಕಿಟಕಿಯಲ್ಲಿ ನಿಂತಿದ್ದಳು. ಆಕೆ ಎಲ್ಲಮ್ಮನ ಭಕ್ತೆ. ನಮ್ಮ ಕಡೆ ಹೆಣ್ಣಿನ ಕೂದಲು ತಾನಾಗಿ ಗಂಟುಬಿದ್ದರೆ ಎಲ್ಲಮ್ಮ ಅವಳನ್ನು ತನ್ನವಳೆಂದು ಹಿಡಿದಳು ಎನ್ನುತ್ತಾರೆ. ಆ ಜಡೆಯನ್ನು ಬಾಚಬಾರದು, ಕತ್ತರಿಸಬಾರದು. ಮುದುಕಿ ಕೈಮುಗಿದು, "ಅವ್ವಾರ, ಕೂಸಿಗೆ ಜಡಿ ಬಿದ್ದೈತಿ!" ಎಂದು ಕೂಗಿದಳು.

ಅತ್ತೆ ರೇಗಿದರು. "ಹೋಗ, ಕಸಾ ಗುಡಿಸು. ನಮ್ಮ ಮನ್ಯಾಗ ಆ ಮಾತು ಆಡಬ್ಯಾಡ."

ಆದರೆ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. "ಬಾಚಣಿಗಿ ಕೆಳಗಿಡು" ಎಂದರು.

ಮೂರು ತಲೆಮಾರು ಶಿಲುಬೆಯ ಮುಂದೆ ಮೊಣಕಾಲೂರಿದ ಮನೆ ಅದು. ಆದರೆ ಅವರ ಅಜ್ಜಿ, ಮುತ್ತಜ್ಜಿ ತುಳಿದ ಮಣ್ಣು ಇದೇ ಮಣ್ಣು. ಮುಂದಿನ ಶುಕ್ರವಾರ ಎದ್ದಾಗ ಅತ್ತೆ ಹೇಳಿದರು: ಕ್ರಿಸ್ತನ ತಾಯಿ, ದೇವಮಾತೆ, ತಾನೇ ಬಂದು ಮಗುವಿನ ತಲೆ ಸವರಿದ್ದಾಳೆ. ಗಂಟು ಹಾಕಿದ್ದು ಆಕೆಯ ಬೆರಳು. ಯಾವ ಚರ್ಚಿನಲ್ಲೂ, ಯಾವ ಪುಸ್ತಕದಲ್ಲೂ ಇಲ್ಲದ ಈ ಮಾತನ್ನು ಬೇವಿನ ಮರದ ಕೆಳಗಿನ ಯಾರೂ ಪ್ರಶ್ನಿಸಲಿಲ್ಲ. ಜಡೆಯೆಂದರೆ ಏನೆಂದು ಎಲ್ಲರಿಗೂ ಹುಟ್ಟಿನಿಂದಲೇ ಗೊತ್ತಿತ್ತಲ್ಲ.

ಮೊದಮೊದಲು ನಿಮ್ಮ ಅಮ್ಮನಿಗೆ ಖುಷಿ. ಅಜ್ಜಿಯ ಪಕ್ಕ ಎತ್ತರದ ಪೀಠ, ಬಂದವರೆಲ್ಲ ಕಲ್ಲುಸಕ್ಕರೆ ತರುತ್ತಿದ್ದರು, ಜಡೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಶಾಲೆಗೆ ಹೋದ ದಿನ ಟೀಚರು ಎರಡು ಜಡೆ, ಕೆಂಪು ರಿಬ್ಬನ್ ಹಾಕಿಕೊಂಡು ಬಾ ಎಂದು ವಾಪಸು ಕಳಿಸಿದರು. ಓಣಿಯ ಹುಡುಗರು ಹಿಂದೆ ಬಿದ್ದರು. "ಜಡಿಸ್ವಾಮಿ, ಒಂದು ಭವಿಷ್ಯ ಹೇಳ! ನಾಳೆ ಗಣಿತದಾಗ ನಾ ಪಾಸೋ ನಪಾಸೋ?" ಅವಳು ಅಳುತ್ತ ಬಂದಳು. ಅತ್ತೆ ತಲೆ ನೇವರಿಸಿ, "ಸಾಲಿ ನಿನಗ ಯಾಕ ಬೇಕು? ನಾಳೆ ನನ್ನ ಜಾಗಾದಾಗ ಕುಂದ್ರಾಕಿ ನೀ" ಎಂದರು. ಅಂದಿನಿಂದ ಶಾಲೆ ನಿಂತಿತು.

ಕಾನ್ವೆಂಟಿನ ಒಬ್ಬ ಸಿಸ್ಟರು ಬಂದು ನೋಡಿ, "ಹೇನು ತುಂಬ್ಯಾವ್ರಿ, ಬಾಚಿಬಿಡ್ರಿ. ಇದರಾಗ ದೇವರ ಕೆಲಸ ಏನೂ ಇಲ್ಲ" ಎಂದರು. ಅವರಿಗೆ ಮತ್ತೆ ವಾಡೆಯ ಬಾಗಿಲು ತೆರೆಯಲಿಲ್ಲ. ಜಡೆ ತೆಗೆಯಬಹುದೇ ಎಂದು ಚರ್ಚಿನ ಗುರುಗಳನ್ನು ನಿಮ್ಮ ಅಜ್ಜ ಕೇಳಿದರು. ಚರ್ಚಿನ ಚಾವಣಿ, ಗಂಟೆ, ಬೆಂಚು ಎಲ್ಲ ವಾಡೆಯವರು ಮಾಡಿಸಿದ್ದು. ಗುರುಗಳು ಚಾವಣಿ ನೋಡಿಕೊಂಡು, "ಪ್ರಾರ್ಥನಾ ಮಾಡೂಣು" ಎಂದರು.

ಬೇಸಿಗೆ ಬಂತು. ಜಡೆ ಎಮ್ಮೆ ಕಟ್ಟುವ ಕಣ್ಣಿಯಷ್ಟು ದಪ್ಪವಾಯಿತು. ಮಗು ತಲೆ ಎತ್ತಿ ನಡೆಯಲಾರಳು, ಕತ್ತು ಒಂದು ಕಡೆಗೆ ವಾಲಿತು. ರಾತ್ರಿ ತುರಿಸಿಕೊಂಡು ಉಗುರಲ್ಲಿ ರಕ್ತ. ಒಂದು ದಿನ ನೀರು ಕೊಡಲು ಬಾಗಿದಾಗ ನನಗೆ ಕೊಳೆತ ವಾಸನೆ ಬಂತು. ಜಡೆಯ ಬುಡ ಎತ್ತಿ ನೋಡಿದೆ. ಹೆಡಕಿನಲ್ಲಿ ಹುಣ್ಣು ಬಾಯಿ ಬಿಟ್ಟಿತ್ತು, ಕೀವು.

"ಅತ್ತಿ, ಹುಣ್ಣಾಗೈತಿ" ಎಂದೆ.

"ನೋಡೀನಿ. ಆಕಿ ತಡಕೊಂಡಾಳ. ನೀ ತಡಕೊ."

"ನೋವಾಗ್ತೈತಿ ಅವಳಿಗೆ."

"ನೋವು ಅಂದ್ರ ಆತನ ಮುದ್ದು. ನಿಮ್ಮ ಮನ್ಯಾಗ ಮುದ್ದು ಅಂದ್ರ ಬೆಲ್ಲ ಕೊಡೂದಷ್ಟ."

ಮಗು ನನ್ನ ಕಡೆ ನೋಡಿ ಅಜ್ಜಿ ಹೇಳಿಕೊಟ್ಟಂತೆ, "ನನಗ ನೋವಿಲ್ಲವ್ವಾ" ಎಂದಳು. ಹೇಳುವಾಗಲೂ ಅವಳ ಕೈ ಹೆಡಕಿಗೆ ಹೋಗಿತ್ತು. ಆಗ ನಾನು ತೀರ್ಮಾನ ಮಾಡಿದೆ. ಈ ಹುಡುಗಿ ಆ ಕೋಣೆಯಲ್ಲಿ ಇನ್ನೊಂದು ಬೇಸಿಗೆ ಕಳೆದರೆ ನನಗೆ ಸಿಗುವುದಿಲ್ಲ. ಜ್ವರದಿಂದ ಉಳಿದದ್ದನ್ನು ಭಕ್ತಿಗೆ ಕೊಡುವುದಿಲ್ಲ.

ಶುಕ್ರವಾರ ಅತ್ತೆ ಕಲ್ಲಿನ ಮೇಲೆ ಮಲಗಿದ್ದ ಹೊತ್ತು. ಮಗುವನ್ನು ಎತ್ತಿಕೊಂಡು ಹಿಂದಿನ ಬಚ್ಚಲಮನೆಗೆ ಹೋದೆ. ಬಾಗಿಲಲ್ಲಿ ನಿಮ್ಮ ಅಜ್ಜ ಎದುರಾದರು. ನನ್ನ ಕೈಯಲ್ಲಿದ್ದ ಕತ್ತರಿ ನೋಡಿದರು. ಹೋಗಿ ಬಾವಿಯ ಮೋಟಾರು ಹಚ್ಚಿದರು. ಶುಕ್ರವಾರದ ಆ ಹೊತ್ತಿನಲ್ಲಿ ವಾಡೆಯಲ್ಲಿ ಮೋಟಾರು ಸದ್ದು ಕೇಳಿದ್ದು ಅದೇ ಮೊದಲು. ತೊಟ್ಟಿ ತುಂಬಿ, ಹೊರಚೆಲ್ಲಿ, ಅಂಗಳವೆಲ್ಲ ಕೆಸರಾದರೂ ಅವರು ಅದನ್ನು ಆರಿಸಲಿಲ್ಲ. ನನ್ನ ಮಗಳ ಕೂಗು ಯಾರಿಗೂ ಕೇಳಲಿಲ್ಲ.

ಮೊದಲು ಎಣ್ಣೆ ಸುರಿದು ಬಿಡಿಸಲು ನೋಡಿದೆ. ಬಾಚಣಿಗೆಯ ಹಲ್ಲು ಮುರಿಯಿತು. "ಕತ್ತರಿಸವ್ವಾ, ಲಗೂ ಕತ್ತರಿಸು" ಎಂದಳು. ಬೇಲಿ ಕಡಿದಂತೆ ಕಡಿಯಬೇಕಾಯಿತು. ಬುಡದಲ್ಲಿ ಕೂದಲ ಜೊತೆ ಚರ್ಮವೂ ಬಂತು. ನಿಮ್ಮ ಅಮ್ಮನ ಹೆಡಕಿನ ಮೇಲೆ ಕೂದಲಿಲ್ಲದ ಒಂದು ಬಿಳಿ ಕಲೆ ಇದೆಯಲ್ಲ, ಜೋಕಾಲಿಯಿಂದ ಬಿದ್ದಿದ್ದೆ ಎಂದು ನಿಮಗೆ ಹೇಳಿದ್ದಾಳಲ್ಲ, ಅದು ಇದು.

ಅಂಗಳದ ಮುದುಕಿ ಬಚ್ಚಲಿಗೆ ಇಣುಕಿ ನೋಡಿ, ಕಸಬರಿಗೆಯನ್ನು ಅಲ್ಲೇ ಬಿಟ್ಟು ಗೇಟು ದಾಟಿ ಹೋದಳು. ಮತ್ತೆ ಕೆಲಸಕ್ಕೆ ಬರಲಿಲ್ಲ. ಆಕೆ ಎಲ್ಲಮ್ಮನ ಸಿಟ್ಟಿಗೆ ಹೆದರಿದಳು. ನಾನು ಹೆದರಿದ್ದು ಅತ್ತೆಗೆ.

ಮೂರು ಗಂಟೆಗೆ ಅತ್ತೆ ಹೊರಗೆ ಬಂದರು. ಮಗುವಿನ ಬೋಳು ತಲೆ, ಸುತ್ತಿದ ಬಟ್ಟೆ, ನನ್ನ ಕಾಲ ಬಳಿ ಬಿದ್ದ ಜಡೆ ನೋಡಿದರು. ಕೆನ್ನೆಗೆ ಬೀಳುತ್ತದೆ ಎಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಅವರು ಬಾಗಿ ಜಡೆಯನ್ನು ಕೂಸನ್ನೆತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡರು. ತಾವೇ ತೊಳೆದು, ನೆರಳಲ್ಲಿ ಒಣಗಿಸಿ, ಬಿಳಿ ರೇಷ್ಮೆಯಲ್ಲಿ ಸುತ್ತಿ ದೇವಮಾತೆಯ ಪಾದದಲ್ಲಿಟ್ಟರು. ಮುಂದಿನ ವಾರ ಬಂದವರಿಗೆ, "ಕೂಸು ತಾನಾಗಿ ಕೊಟ್ಟಳು" ಎಂದರು. ಜನ ಅತ್ತರು.

ಮಗುವಿನ ಜೊತೆ ಮಾತ್ರ ಅವರು ಮಾತು ಬಿಟ್ಟರು. ಬೈಯಲಿಲ್ಲ, ಬಡಿಯಲಿಲ್ಲ. ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಇದ್ದರು. ಅವಳು ದೇವರ ಕೋಣೆಯ ಹೊಸ್ತಿಲಲ್ಲಿ ಹೋಗಿ ಕೂರುತ್ತಿದ್ದಳು. ಅಜ್ಜಿ ಅವಳನ್ನು ದಾಟಿ ಒಳಗೆ ಹೋಗುತ್ತಿದ್ದರು, ಸೀರೆಯ ಅಂಚು ಅವಳ ತಲೆ ಸವರಿಕೊಂಡು ಹೋಗುತ್ತಿತ್ತು. ಅಷ್ಟಕ್ಕೇ ಅವಳು ಕೂರುತ್ತಿದ್ದಳು ಎಂದು ನನಗೆ ಆಮೇಲೆ ತಿಳಿಯಿತು. ಊಟದ ಹೊತ್ತಿನಲ್ಲಿ ಅತ್ತೆ ನನಗೆ, "ಆ ಹುಡುಗಿಗೆ ಹಾಕಿದ್ಯೇನು?" ಎಂದು ಕೇಳುತ್ತಿದ್ದರು. ಆ ಹುಡುಗಿ ಎದುರಿಗೇ ಕೂತಿರುತ್ತಿದ್ದಳು.

ಕೂದಲು ಮತ್ತೆ ಬೆಳೆಯಿತು, ಕಿವಿ ಮುಚ್ಚುವಷ್ಟು. ಒಂದು ಶುಕ್ರವಾರ ಬೆಳಿಗ್ಗೆ ಅವಳ ಹಾಸಿಗೆಯ ಮೇಲೆ ಇರುವೆ ಸಾಲು. ದಿಂಬಿನ ಮೇಲೆ, ಕತ್ತಿನ ಮೇಲೆ, ಕಿವಿಯೊಳಗೆ. ಅವಳು ಹಲ್ಲು ಕಚ್ಚಿಕೊಂಡು ಅಲುಗದೆ ಮಲಗಿದ್ದಳು. ಅಡುಗೆಮನೆಯಿಂದ ಬೆಲ್ಲದ ಪಾಕ ಕದ್ದು ಕೂದಲಿಗೆ ಮೆತ್ತಿಕೊಂಡು, ಬೆರಳಿಂದ ಹೊಸೆದು ಹೊಸೆದು ಗಂಟು ಕಟ್ಟಿದ್ದಳು.

"ಯಾಕವಾ ಇದು?" ಎಂದೆ.

"ಮತ್ತ ಜಡಿ ಬಿದ್ರ ಅಜ್ಜಿ ಮಾತಾಡ್ತಾಳಲ್ಲಾ?"

"ಇರಿವಿ ಕಡ್ಯಾಕತ್ತಾವಲ್ಲ, ಏಳಬಾರದೇನು?"

"ಅಜ್ಜಿ ಚೇಳು ಕಡಿದ್ರೂ ಏಳಲಿಲ್ಲಂತ. ನೀನ ಹೇಳಿದ್ದಿ."

ಒಲೆ ಹೊತ್ತಿಸುವಂತಿಲ್ಲ, ತಣ್ಣೀರಿನಲ್ಲೇ ಅವಳ ತಲೆ ತೊಳೆದೆ. ಇರುವೆ ಕಚ್ಚಿ ಕತ್ತೆಲ್ಲ ದದ್ದು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ನೇರವಾಗಿ ದೇವರ ಕೋಣೆಗೆ ಹೋದೆ. ಮದುವೆಯಾದಾಗಿನಿಂದ ಕರೆಯದೆ ಆ ಹೊಸ್ತಿಲು ದಾಟಿದ್ದು ಅದೊಂದೇ ಸಲ. ಅತ್ತೆ ಜಪಸರ ಹಿಡಿದು ಕೂತಿದ್ದರು.

"ಆಕಿ ಜೋಡಿ ಒಂದು ಮಾತಾಡ್ರಿ" ಎಂದೆ. "ಬೈರಿ ಬೇಕಾದ್ರ. ಒಂದ ಮಾತು."

ಮಣಿ ಸರಿಯುತ್ತಲೇ ಇತ್ತು.

"ನೀ ಕತ್ತರಿ ಹಾಕಿದ ದಿನದಿಂದ ಆತ ನನ್ನ ಜೋಡಿ ಮಾತಾಡಿಲ್ಲ" ಎಂದರು. "ಗೊತ್ತೈತೇನು ನಿನಗ? ಶುಕ್ರವಾರ ಬರೇ ಕಲ್ಲಿನ ಮ್ಯಾಲೆ ಮಲಗಿ ಏಳ್ತೀನಿ. ತಣ್ಣಗಿನ ಕಲ್ಲು, ಅಷ್ಟ. ಆ ಹುಡುಗೀನ ಪೂರ್ತಿ ಬಿಟ್ಟುಕೊಟ್ರ ತಿರುಗಿ ಬಂದಾನು."

"ಆಕಿ ಏನು ಮಾಡ್ಯಾಳ್ರಿ? ಕೂಸದು."

"ನೀ ನಿನ್ನ ಮಗಳನ್ನ ಆರಿಸಿಕೊಂಡಿ. ನಾ ನನ್ನಾತನ್ನ ಆರಿಸಿಕೊಂಡೀನಿ. ನಿನಗ ಆಕಿ ಸಿಕ್ಕಳು. ನನಗ ಇನ್ನೂ ಆತ ಸಿಕ್ಕಿಲ್ಲ. ನನ್ನ ಮುಂದ ಬಂದು ಅಳಬ್ಯಾಡ."

ಅವರ ಕಣ್ಣಲ್ಲಿ ನೀರಿತ್ತು. ಹೊರಗೆ ಬೇವಿನ ಮರದ ಕೆಳಗೆ ಆಗಲೇ ಜನ ಸೇರತೊಡಗಿದ್ದರು. ಆತ ಮಾತಾಡದಿದ್ದರೂ ಮೂರು ಗಂಟೆಗೆ ಅವರು ಹೊರಗೆ ಬಂದು ಒಬ್ಬೊಬ್ಬರಿಗೂ ಒಂದೊಂದು ಮಾತು ಹೇಳಿದರು. ಅವನ್ನು ಎಲ್ಲಿಂದ ತಂದರೋ ನಾನು ಕೇಳಲಿಲ್ಲ. ಒಬ್ಬರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಆ ವಾರವೇ ಟ್ರಂಕು ಕಟ್ಟಿದೆ. ನಿಮ್ಮ ಅಜ್ಜ ಗೋಪನಕೊಪ್ಪದಲ್ಲಿ ಎರಡು ಕೋಣೆ ಹಿಡಿದರು. ವಾರವಿಡೀ ನಮ್ಮ ಜೊತೆ, ಶುಕ್ರವಾರ ಅವ್ವನ ಹತ್ತಿರ. ಪಕ್ಕದ ಮನೆಯವರು ಹಿಟ್ಟಿನ ಗಿರಣಿ ಇಟ್ಟಿದ್ದರು. ದಿನವೆಲ್ಲ ಗಡಗಡ ಸದ್ದು. ಮೊದಲ ದಿನ ನಿಮ್ಮ ಅಮ್ಮ ಕಿವಿ ಮುಚ್ಚಿಕೊಂಡಳು. ಆಮೇಲೆ ಆ ಸದ್ದಿನಲ್ಲೇ ಓದಿದಳು, ಆ ಸದ್ದಿನಲ್ಲೇ ಜಗಳ ಕಲಿತಳು. ಶಾಲೆಯಲ್ಲಿ ಒಂದು ವರ್ಷ ಹಿಂದೆ ಬಿದ್ದಿದ್ದಳು, ತನಗಿಂತ ಸಣ್ಣವರ ನಡುವೆ ಕೂತಳು. ಕೂದಲನ್ನು ಉದ್ದ ಬಿಡಲಿಲ್ಲ. ಹಬ್ಬದ ದಿನ ಮಾತ್ರ ಬೆಳಿಗ್ಗೆ ಎದ್ದು ಕೇಳುತ್ತಿದ್ದಳು, "ಅಜ್ಜಿ ಏನರ ಹೇಳಿ ಕಳಿಸ್ಯಾಳೇನು?" ನಿಮ್ಮ ಅಜ್ಜ ಒಮ್ಮೆ ಸುಳ್ಳು ಹೇಳಿದರು: "ಹೂಂ, ಛಲೋ ಓದು ಅಂದಾಳ." ಅವಳು ಅಪ್ಪನ ಮುಖ ನೋಡಿ, "ನಿನಗ ಸುಳ್ಳು ಹೇಳಾಕ ಬರಂಗಿಲ್ಲಪ್ಪಾ" ಎಂದಳು. ಅಂದಿನಿಂದ ಕೇಳುವುದನ್ನು ಬಿಟ್ಟಳು.

ಅವಳು ಕಾಲೇಜಿನಲ್ಲಿದ್ದಾಗ ಅತ್ತೆ ತೀರಿಕೊಂಡರು. ಕೊನೆಯ ದಿನಗಳಲ್ಲಿ ಯಾರನ್ನೂ ಕರೆಯಲಿಲ್ಲ. ನಾವು ಮೂವರೂ ಹೋದೆವು. ವಾಡೆಯ ಅಂಗಳ ಕಿಕ್ಕಿರಿದಿತ್ತು. ನಿಮ್ಮ ಅಮ್ಮ ಮನೆಯವರ ಬಾಗಿಲಿನಿಂದ ಬರಲು ಒಪ್ಪಲಿಲ್ಲ. ಎಲ್ಲರ ಜೊತೆ ಸಾಲಿನಲ್ಲಿ ನಿಂತಳು. ಸಾಲು ಮುಂದೆ ಬಂದಾಗ ಅಜ್ಜಿಯ ಪಾದ ಮುಟ್ಟಿದಳು, ಹಿಂದಿನವರು ತಳ್ಳಿದರು, ಸರಿದಳು. ಮನೆಗೆ ಬಂದು ಸ್ನಾನ ಮಾಡಿ ಮರುದಿನದ ಪರೀಕ್ಷೆಗೆ ಓದಲು ಕೂತಳು. ನಿಮ್ಮ ಅಜ್ಜ ಅತ್ತರು. ಅವಳು ಅಳಲಿಲ್ಲ.

ಮುಂದಿನದು ನಿಮಗೆ ಗೊತ್ತೇ ಇದೆ. ಅಂಚೆ ಕಚೇರಿಯ ಕೆಲಸ, ನಿಮ್ಮ ಅಪ್ಪ, ನೀವು. ನಿಮ್ಮ ಅಜ್ಜ ಹೋಗಿಯೂ ಕೆಲವು ವರ್ಷಗಳಾದವು. ಗೊತ್ತಿಲ್ಲದ್ದು ಹೋದ ಭಾನುವಾರದ್ದು. ನೀವಿಬ್ಬರೂ ಆಡಲು ಹೋಗಿದ್ದಿರಿ. ಇಬ್ಬರು ಗೃಹಸ್ಥರು ಬಂದರು, ಇಸ್ತ್ರಿ ಅಂಗಿ, ಬಹಳ ವಿನಯ. ವಾಡೆಯ ಅವ್ವಾರ ಜೀವನದ ಬಗ್ಗೆ ಎಲ್ಲರಿಂದ ಮಾಹಿತಿ ಕೂಡಿಸುತ್ತಿದ್ದಾರಂತೆ, ಅವರನ್ನು ಸಂತರೆಂದು ಸಾರಲಿ ಎಂದು ಚರ್ಚಿನ ಮೇಲಿನವರಿಗೆ ಕಳಿಸಲು. ಮೊಬೈಲನ್ನು ನನ್ನ ಮುಂದೆ ಇಟ್ಟು, "ಹೇಳ್ರಿ ಅಜ್ಜಿ, ಅಂಜಬ್ಯಾಡ್ರಿ" ಎಂದರು. ಉಪವಾಸ ಕೇಳಿದರು, "ಹೌದ್ರಿ" ಎಂದೆ. ಕಾಲು ತೊಳೆದದ್ದು ಕೇಳಿದರು, "ಹೌದ್ರಿ" ಎಂದೆ. ಆಮೇಲೆ ಹಿರಿಯರು ದನಿ ತಗ್ಗಿಸಿ ಕೇಳಿದರು:

"ಕೂದಲಾ ದೇವರಿಗೆ ಕೊಟ್ಟ ಆ ಕೂಸು ತೀರಿಕೊಂಡಿದ್ದು ಯಾವಾಗ್ರಿ? ವಿಷಮಜ್ವರದಾಗ ಅಂತ ಜನಾ ಹೇಳ್ತಾರ. ಜನಾ ಆ ಕೂಸಿನ ಹೆಸರಿಲೆ ದೀಪಾ ಹಚ್ಚಾಕ ಸುರು ಮಾಡ್ಯಾರ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆ ಹಾಗೆ ಹೇಳಿದ್ದರೋ, ಜನ ತಾವೇ ಕಟ್ಟಿಕೊಂಡರೋ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ನಿಮ್ಮ ಅಮ್ಮ ಚಹಾದ ತಾಟು ಹಿಡಿದು ಒಳಗಿನಿಂದ ಬಂದಳು. ಆ ಮಾತು ಅವಳ ಕಿವಿಗೆ ಬಿದ್ದಿತ್ತು. ಕಪ್ಪು ಅಲುಗಲಿಲ್ಲ.

"ಇವರು?" ಎಂದರು ಹಿರಿಯರು.

"ನನ್ನ ಮಗಳ್ರಿ" ಎಂದೆ.

"ಓಹೋ! ಹಂಗಾದ್ರ ನಿಮಗ ಇನ್ನೊಬ್ಬ ಮಗಳಿದ್ಲೇನ್ರಿ? ಆ ಕೂಸಿನ ತಂಗೇನ್ರಿ ಇವರು?"

ನಾನು ಬಾಯಿ ತೆರೆದೆ. ನಿಮ್ಮ ಅಮ್ಮ ನನ್ನ ಭುಜದ ಮೇಲೆ ಕೈಯಿಟ್ಟಳು, ಮೆಲ್ಲಗಲ್ಲ.

"ಹೌದ್ರಿ, ನಾ ಸಣ್ಣಾಕಿ" ಎಂದಳು. "ಅಕ್ಕನ್ನ ನಾ ನೋಡಿಲ್ರಿ. ಭಾಳ ಛಲೋ ಹುಡುಗಿ ಇದ್ಲಂತ. ಸಕ್ಕರಿ ಸಾಕೇನ್ರಿ?"

ಅವರು ಚಹಾ ಕುಡಿದು, ಅವಳಿಗೂ ಒಂದು ಚೀಟಿ ಕೊಟ್ಟು, ಕೈಮುಗಿದು ಹೋದರು. ಬಾಗಿಲು ಹಾಕಿ ನಾನು, "ಹಂಗ್ಯಾಕ ಅಂದಿ?" ಎಂದೆ. ಅವಳು ಕಪ್ಪು ತೊಳೆಯುತ್ತಿದ್ದಳು.

"ಸತ್ತಾಕಿ ಜೋಡಿಯಾದ್ರೂ ಅಜ್ಜಿ ಮಾತಾಡ್ತಿರಬೇಕು" ಎಂದಳು. "ಇರ್ಲಿ ಬಿಡವ್ವಾ. ಆಕಿ ಅಲ್ಲೇ ಇರ್ಲಿ."

ಅವಳು ಒಪ್ಪಿದ್ದಾಳೆ. ನಾನು ಒಪ್ಪುವುದಿಲ್ಲ. ಆದರೆ ನನಗೆ ಎದುರಿಗೆ ನಿಂತು ಹೇಳಲು ಬರುವುದಿಲ್ಲ, ಇನ್ನು ಕಲಿಯುವ ವಯಸ್ಸೂ ಅಲ್ಲ. ಆದ್ದರಿಂದ ಇದನ್ನು ನಿಮ್ಮ ಕೈಗೆ ಕೊಡುತ್ತಿದ್ದೇನೆ. ನಾನು ಇರುವಷ್ಟು ದಿನ ಇದನ್ನು ಅವಳಿಗೆ ತೋರಿಸಬೇಡಿ. ಬೇವಿನೆಲೆ ಹಾಕಿ, ನುಸಿ ಹತ್ತದಂತೆ, ನೀರು ಸೋರದ ಕಡೆ ಇಡಿ. ಗುಂಡ್ಯಾ, ನೀನು ಹಾಳೆ ಹರಿದು ದೋಣಿ ಮಾಡುವವನು, ನಿನಗೆ ಬೇರೆಯಾಗಿ ಹೇಳುತ್ತಿದ್ದೇನೆ. ಮುಂದೆ ಆ ಸತ್ತ ಕೂಸಿನ ಚಿತ್ರ ಬರೆಸಿ, ಹೂವೇರಿಸಿ, ನಿಮ್ಮನ್ನೂ ಕೈಮುಗಿಯಿರಿ ಎಂದು ಯಾರಾದರೂ ಕರೆದರೆ ಈ ಹಾಳೆಗಳನ್ನು ಅವರ ಮುಂದೆ ಬಿಚ್ಚಿ ಓದಿರಿ. ನನಗೆ ಹುಟ್ಟಿದ್ದು ಒಬ್ಬಳೇ ಮಗಳು. ಅವಳು ಸಾಯಲಿಲ್ಲ.